ಬ್ಯಾಂಕಿನವನಿಗೆ ಅವ್ವ ಹೇಳದ ಹೆಸರು

ಬುದ್ಧಿ ಹೇಳುವುದು ನನಗೊಂದು ಚಟ. ಬೀಡಿ, ಎಲೆ-ಅಡಿಕೆ ಯಾವುದೂ ಇಲ್ಲದ ಸಂಭಾವಿತನಿಗೆ ಅಷ್ಟಾದರೂ ಬೇಡವೆ? ರಬಾಳೆಯ ನಮ್ಮ ಕಂಪನಿಗೆ ಒಂದು ದಿನ ಯಾರೋ ಬಂದು, ನಮ್ಮ ಹೆಸರು, ಹುಟ್ಟಿದ ತಾರೀಕು, ಆಧಾರ್ ನಂಬರು ಕದ್ದವನು ಲೋಕದಲ್ಲಿ ನಾವೇ ಆಗಿ ಹೇಗೆ ತಿರುಗಾಡಬಹುದು ಎಂದು ವಿವರಿಸಿದರು. ನಾನಾಗಿ ತಿರುಗಾಡುವವನು ದಿನಾ ಡೊಂಬಿವಲಿಯಿಂದ ಠಾಣೆಯವರೆಗೆ ಲೋಕಲ್ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತು, ಅಲ್ಲಿ ಗಾಡಿ ಬದಲಿಸಿ ರಬಾಳೆಗೂ ಹೋಗುವುದಾದರೆ ಕದಿಯಲಿ ಬಿಡಿ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೂ ಸಮೋಸಾ ತಿನ್ನುತ್ತ ಕೇಳಿದ್ದನ್ನೆಲ್ಲ ಸಂಜೆ ಮನೆಯಲ್ಲಿ ಉಪನ್ಯಾಸ ಮಾಡಿದೆ. ಆಧಾರ್ ಕಾರ್ಡಿನ ಝೆರಾಕ್ಸ್ ಕೊಟ್ಟರೆ ಯಾವ ಕೆಲಸಕ್ಕೆಂದು ಅದರ ಮೇಲೆಯೇ ಬರೆಯಿರಿ, ಒಟಿಪಿ ಮಾತ್ರ ದೇವರು ಕೇಳಿದರೂ ಹೇಳಬೇಡಿ. ಮಗಳು "ಬಾಬಾ, ಪುರೇ ಆತಾ" ಎಂದು ಮರಾಠಿಯಲ್ಲೇ ಸಾಕುಮಾಡಿಸಿ ಎದ್ದು ಹೋದಳು. ಕಲ್ಯಾಣದ ಶಾಲೆಯಲ್ಲಿ ದಿನವಿಡೀ ಪಾಠ ಹೇಳಿ ಬಂದಿದ್ದ ಹೆಂಡತಿ ಕುಕ್ಕರಿನ ಸೀಟಿ ಎಣಿಸುತ್ತಿದ್ದಳು. ಕೊನೆಯವರೆಗೂ ಕೂತು ಕೇಳಿದವಳು ಅವ್ವ ಒಬ್ಬಳೇ. "ಭಾಳ ಛಲೋ ಹೇಳಿದಿ. ಯಾವ ಪುರಾಣದಾಗ ಬರ್ತದ ಇದು?" ಎಂದಳು.

ನನಗೆ ಚಿಂತೆಯಿದ್ದದ್ದೂ ಅವ್ವನದೇ. ಅಪ್ಪ ಗದಗಿನ ಕಡೆ ಮಾಸ್ತರರಾಗಿದ್ದರು. ಅವರು ತೀರಿಕೊಂಡ ಮೇಲೆ ಬರುವ ಪಿಂಚಣಿ ಅವ್ವನ ಖಾತೆಗೆ ಬೀಳುತ್ತದೆ. ನನ್ನ ಮುಂದೆ ಕೈಯೊಡ್ಡದೆ ಮೊಮ್ಮಗಳಿಗೆ ಏನಾದರೂ ಕೊಡಿಸುವ ಅವಳ ಗತ್ತೆಲ್ಲ ಅದರಲ್ಲಿದೆ. ಆದರೆ ಈ ಮರಾಠಿ ಊರಲ್ಲಿ ಯಾರ ಬಾಯಲ್ಲಿ ಕನ್ನಡ ಕೇಳಿದರೂ ಅವ್ವ ಕರಗಿಬಿಡುತ್ತಾಳೆ. ಕೆಳಗಿನ ಉಡುಪಿಯವರ ಹೋಟೆಲಿಗೆ ಇಡ್ಲಿ ತರಲು ಹೋದರೆ, ಅವರ ಮಾತು ಅರ್ಧ ತಿಳಿಯದಿದ್ದರೂ, ನಮ್ಮ ಮನೆಯ ವಿಷಯ ಪೂರ್ತಿ ತಿಳಿಸಿಯೇ ಬರುತ್ತಾಳೆ.

ಉಪನ್ಯಾಸದ ಮರುವಾರವೇ ನೋಡಿ, ಊಟದ ಹೊತ್ತಿಗೆ ಆಫೀಸಿನಿಂದ ಮನೆಗೆ ಫೋನ್ ಮಾಡಿದೆ. "ಬ್ಯಾಂಕಿನಾಂವ ಫೋನ್ ಮಾಡಿದ್ದಪಾ. ಕನ್ನಡ ಏನ್ ಛಂದ ಮಾತಾಡ್ತಾನ. ನಿಮ್ಮ ಖಾತೆ ಬಂದ್ ಆಗ್ತದ, ಆಧಾರ್ ಕಾರ್ಡ್ ಹಿಡಕೊಂಡು ಕೂಡ್ರಿ ಅಂದ. ಚಾಳೀಸು ಹಾಕ್ಕೊಂಡು ಕೂತೆ" ಎಂದಳು ಅವ್ವ. ಮುಂದೇನಾಯಿತೆಂದು ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ಬಿಝಿ. ಅವನೇ ಮತ್ತೆ ಮಾಡಿರಬೇಕು ಎನ್ನಿಸಿತು. ಹಾಫ್ ಡೇ ಬರೆದುಕೊಟ್ಟು ಓಡಿದೆ.

ಬ್ಯಾಂಕಿನ ಸಹಾಯವಾಣಿ ಸಿಕ್ಕಿದ್ದು ಠಾಣೆಯಲ್ಲಿ ಕಲ್ಯಾಣದ ಗಾಡಿ ಹತ್ತಿದ ಮೇಲೆ. ಅವ್ವನ ಖಾತೆಯಲ್ಲಿ ನನ್ನ ಹೆಸರೂ ಇದೆ, ದಯವಿಟ್ಟು ಅದನ್ನು ತಡೆಹಿಡಿಯಿರಿ ಎಂದು ಬೇಡಿಕೊಂಡೆ. ಆ ಕಡೆಯ ಹೆಣ್ಣುಮಗಳು ಖಾತ್ರಿಗಾಗಿ ಅವ್ವನ ಪೂರ್ತಿ ಹೆಸರು, ಹುಟ್ಟಿದ ತಾರೀಕು, ಗಂಡನ ಹೆಸರು ಕೇಳಿದಳು. ಗದ್ದಲದಲ್ಲಿ ಅವಳಿಗೆ ಏನೂ ಕೇಳಿಸಲೊಲ್ಲದು. ಕಳವಾ ಸ್ಟೇಷನ್ನಿನಲ್ಲಿ ಒಮ್ಮೆ ಕೂಗಿದೆ, ಮುಂಬ್ರಾದಲ್ಲಿ ಒಮ್ಮೆ, ದಿವಾದಲ್ಲಿ ಇನ್ನೊಮ್ಮೆ. ಎದುರಿಗೆ ಜೋತುಬಿದ್ದಿದ್ದವರು ಮರಾಠಿಯಲ್ಲಿ, "ಕಾಕಾ, ನಮಗೆಲ್ಲ ಬಾಯಿಪಾಠ ಆಯಿತು. ಇನ್ನೊಮ್ಮೆ ಕೇಳಿದರೆ ನಾವೇ ಹೇಳುತ್ತೇವೆ, ನೀವು ಸುಧಾರಿಸಿಕೊಳ್ಳಿ" ಎಂದರು. ಖಾತೆ ಬಂದಾಯಿತು ಎಂಬ ಮಾತು ಕೇಳಿಸುವ ಹೊತ್ತಿಗೆ ಡೊಂಬಿವಲಿ ಬಂದಿತ್ತು.

ಮನೆಯಲ್ಲಿ ಅವ್ವ ಗದಗಿನಲ್ಲಿರುವ ತನ್ನ ತಂಗಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದಳು. ಬಿಝಿಯಾಗಿದ್ದದ್ದು ಅದಕ್ಕೇ. ಆಧಾರ್ ಕಾರ್ಡ್ ಇನ್ನೂ ತೊಡೆಯ ಮೇಲಿತ್ತು.

"ಏನೇನ್ ಹೇಳಿದಿ ಅವಗ?" ಎಂದು ಏದುಸಿರು ಬಿಡುತ್ತ ಕೇಳಿದೆ.

"ಏನ್ ಹೇಳ್ಲಿ? ನಂಬರ್ ಆಮ್ಯಾಲೆ, ಮೊದಲಿಗೆ ನಿಮ್ಮ ಯಜಮಾನರ ಹೆಸರು ಹೇಳ್ರಿ ಅಂದ. ಅದ್ಹ್ಯಾಂಗ ಹೇಳಾಕ ಬರ್ತದ? ಮದುವಿ ಮನ್ಯಾಗ ಹೆಣ್ಮಕ್ಕಳು ಹಟಾ ಹಿಡದ್ರ ಒಡಪಿನ ಪದದಾಗ ಕೂಡಿಸಿ ಹೇಳತಿದ್ವಿ, ಬ್ಯಾಂಕಿನಾಂವ ಕೇಳಿದ್ರ ಹೇಳಂಗಿಲ್ಲಪಾ ಅಂದೆ. ಹೇಳಬೇಕರಿ, ಹೇಳಬೇಕರಿ ಅಂತ ಗಂಟುಬಿದ್ದ. ನಿನ್ನ ಹೆಂಡ್ತಿ ನಿನ್ನ ಹೆಸರು ಹಿಡದು ಕರೀತಾಳೇನು, ನಿಮ್ಮವ್ವ ಇದನ್ನ ಕಲಿಸ್ಯಾಳೇನು ಅಂತ ಕೇಳಿದೆ. ಫೋನ್ ಇಟ್ಟಬಿಟ್ಟ."

ಹೋದ ಜೀವ ಬಂದಂತಾಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಗುವೂ ಅಳುವೂ ಕೂಡಿಯೇ ಬಂದವು. ರೇಷನ್ ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೆ ನನ್ನನ್ನು ಮುಂದಕ್ಕೆ ದೂಡುತ್ತಿದ್ದ ಅವ್ವನ ಮೇಲೆ ನಾನು ಎಷ್ಟು ಸಲ ರೇಗಿದ್ದೇನೋ. ನನ್ನ ಉಪನ್ಯಾಸದಿಂದ ಆಗದ್ದು ಅವಳ ಸಂಕೋಚದಿಂದ ಆಗಿತ್ತು.

ಸಮಾಧಾನವಾದ ಮೇಲೆ ಸುಮ್ಮನಿರಬೇಕಿತ್ತು. ಚಹಾ ಕುಡಿಯುತ್ತ, ರೈಲಿನಿಂದಲೇ ಖಾತೆ ಬಂದ್ ಮಾಡಿಸಿದ ನನ್ನ ಪರಾಕ್ರಮವನ್ನು ವರ್ಣಿಸಿದೆ.

"ನಿನಗೂ ಅವರ ಹೆಸರು ಕೇಳಿದ್ರೇನು?" ಎಂದಳು ಅವ್ವ.

"ಕೇಳಿದ್ರು."

"ಹೇಳಿದಿ?"

"ಹೇಳಿದೆ. ಅವರಿಗೆ ಕೇಳಸಲಿಲ್ಲ ಅಂತ ತುಂಬಿದ ಗಾಡ್ಯಾಗ ಮೂರು ಸಲ ಒದರಿದೆ."

ಅವ್ವ ಎದ್ದಳು. ಆಧಾರ್ ಕಾರ್ಡು, ಪಾಸ್‌ಬುಕ್ಕು ಎರಡನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಕೀಲಿ ನನಗೇ ಕೊಡುತ್ತಾಳೆಂದು ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿಕೊಂಡು ಹೋಗಿ, ಆಗಷ್ಟೇ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದ ಸೊಸೆಯ ಕೈಗೆ ಕೀಲಿ ಕೊಟ್ಟಳು.