ಹಸಿರಾದರೆ ಕುಡಿದಂತೆ

ಸರಕಾರಿ ದವಾಖಾನೆಯಲ್ಲಿ ಕಾಂಪೌಂಡರ್ ಆದವನು ನಗುವುದಕ್ಕೆ ನಾಟಕದ ಕಂಪನಿ ಬರಲಿ ಎಂದು ಕಾಯಬೇಕಾಗಿಲ್ಲ. ನಿಜಾಮರ ಕಾಲದಲ್ಲಿ ನಾನು ಕೊಪ್ಪಳದಲ್ಲಿದ್ದಾಗ ಹೈದರಾಬಾದಿನಿಂದ ಹೊಸ ಡಾಕ್ಟರ್ ಸಾಹೇಬರು ಬಂದರು, ಜೊತೆಗೊಂದು ಹೊಸ ಪರೀಕ್ಷೆ ತಂದರು. ಮೂತ್ರ ಕಾಯಿಸಿ ಅದರ ಆವಿಯನ್ನು ಕಿತ್ತಳೆ ಬಣ್ಣದ ತೇಜಾಬಿನೊಳಗೆ, ಅಂದರೆ ಆಮ್ಲದೊಳಗೆ, ಬಿಡುವುದು. ಹಸಿರಾದರೆ ಆಸಾಮಿ ಕುಡಿದಿದ್ದಾನೆ, ಇಲ್ಲದಿದ್ದರೆ ಇಲ್ಲ. ಇಷ್ಟೇ ಸಾಕಾಯಿತು, ಊರಿಗೆ ಊರೇ ನಮ್ಮ ಕಟ್ಟೆಗೆ ಬಂತು.

ಜವಾನ ತಂದ ಬಾಟ್ಲಿ

ಮೊದಲು ಸಿಕ್ಕವನು ಕೊಪ್ಪಳದ ಪಕ್ಕದ ಭಾಗ್ಯನಗರದ ಬಂಡಿ ಹೊಡೆಯುವವನು. ಪೊಲೀಸ್ ಜವಾನ ಅವನನ್ನೂ, ಬಾಟ್ಲಿಯಲ್ಲಿ ಅವನ ಮೂತ್ರವನ್ನೂ ಹಿಡಿದು ತಂದ. ಕಾಯಿಸಿದೆವು, ಹಚ್ಚ ಹಸಿರು!

"ಆಣಿ ಮಾಡಿ ಹೇಳ್ತೀನ್ರಿ, ನಾ ಒಂದು ಹನಿ ಮುಟ್ಟಿಲ್ಲ," ಎಂದು ಅವನು ಗೋಳಾಡಿದ.

"ಏ ಜವಾನ, ಈ ಬಾಟ್ಲಿ ಎಲ್ಲಿಂದ ತಂದಿ?" ಎಂದರು ಸಾಹೇಬರು.

"ಸರಾಯಿ ಅಂಗಡಿ ಹಿಂದ ಬಿದ್ದಿತ್ರಿ. ಛಲೋ ಐತಿ ಅಂತ ತಂದೆ."

ಬಂಡಿಯವನು ಎದೆಯುಬ್ಬಿಸಿ ನಿಂತ. "ನೋಡ್ರಿ ಸಾಹೇಬ್ರ, ಬಾಟ್ಲಿ ಕುಡದೈತಿ, ನಾ ಅಲ್ಲ!"

ನಮಗೆಲ್ಲರಿಗಿಂತ ಜೋರಾಗಿ ನಕ್ಕವರು ಕಟ್ಟೆಯ ಮೇಲೆ ಕೂತಿದ್ದ ಕಾಳಿನ ವ್ಯಾಪಾರಿ ಸಾವ್ಕಾರರು. ಕುಡಿತ ಎಂದರೆ ಅವರಿಗೆ ಮೈಯೆಲ್ಲ ಉರಿ.

ಕುಷ್ಟಗಿಯ ಅಕ್ಕ

ಒಬ್ಬ ಅಕ್ಕ ಗಂಡನ ಮೂತ್ರವನ್ನು ಕುಷ್ಟಗಿಯಿಂದ ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ನೋಡಿದರೆ ಕಿತ್ತಳೆ ಕಿತ್ತಳೆಯಾಗಿಯೇ ಉಳಿಯಿತು.

"ನಿನ್ನ ಗಂಡ ಕುಡದಿಲ್ಲವ್ವಾ, ಖುಷಿಯಿಂದ ಹೋಗು," ಎಂದೆ.

ಅವಳ ಮುಖ ಬಾಡಿತು. "ಕುಡೀಲಾರದನ ಅಷ್ಟು ಮಾತಾಡ್ತಾನೇನ್ರಿ? ಹಂಗಾದ್ರ ಅದು ಬ್ಯಾರೇನೋ ರೋಗ ಐತಿ. ಅದಕ್ಕೊಂದು ಔಷಧ ಕೊಡ್ರಿ!"

ಗಂಗಾವತಿಯ ವರ

ಸಾವ್ಕಾರರ ಮಗಳಿಗೆ ಗಂಗಾವತಿಯಿಂದ ವರ ಬಂದ. ಹುಡುಗಿಗೆ ಅವನು ಮನಸ್ಸಿಗೆ ಬಂದಿದ್ದ, ಅವನಿಗೂ ಅವಳು. ಆದರೆ ಸಾವ್ಕಾರರು ವೀಳ್ಯದ ತಟ್ಟೆ ಮುಟ್ಟಲೊಲ್ಲರು. "ಮೊದಲ ದವಾಖಾನಿಗೆ ನಡೀರಿ. ಹಸರ ಆದ್ರ ನಮ್ಮ ನಿಮ್ಮ ಮಾತು ಮುಗೀತು!"

ವರನ ಅಜ್ಜ ಖಡಕ್ ಮನುಷ್ಯ. "ಆತ್ರಿ. ಆದ್ರ ನಮ್ಮ ಹುಡುಗಂದು ನೋಡಿದ್ರ, ಬೀಗರಾಗವ್ರ ನಿಮ್ಮದೂ ನೋಡಬೇಕು. ಕುಡುಕರ ಮನಿ ಹೆಣ್ಣು ನಾವೂ ತರಂಗಿಲ್ಲ," ಎಂದ.

ಮಧ್ಯಾಹ್ನದ ಊಟ ಮುಗಿಸಿಕೊಂಡು ಎಲ್ಲರೂ ಬಂದರು. ವರನದು ಕಿತ್ತಳೆ. ಸಾವ್ಕಾರರದು ಬಾಳೆಲೆಯ ಹಸಿರು!

ಸಾವ್ಕಾರರು ನನ್ನ ಕಡೆ ನೋಡಿ ಮೆಲ್ಲಗೆ, "ಬಾಟ್ಲಿ ಕುಡದಿರಬೇಕೇನೋ?" ಎಂದರು.

"ಬಾಟ್ಲಿ ನಾನ ತೊಳದೀನ್ರಿ," ಎಂದೆ.

"ಊಟ ಆದಮ್ಯಾಲ ಏನು ತಗೊಂಡ್ರಿ?" ಎಂದು ಸಾಹೇಬರು ಕೇಳಿದರು.

"ಏನಿಲ್ರಿ, ಉಂಡದ್ದು ಹಜಮ ಆಗಲಿ ಅಂತ ವೈದ್ಯರು ಕೊಟ್ಟ ದ್ರಾಕ್ಷಾರಿಷ್ಟ."

"ಎಷ್ಟು?"

"ಎರಡು ಚಮಚ ಅಂದಿದ್ರು. ಚಮಚ ಯಾವಾಗ್ಲೂ ಕೈಗೆ ಸಿಗಂಗಿಲ್ಲ. ಅದಕ್ಕ ಲೋಟದಾಗ ತಗೊಂತೀನಿ."

ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಗಡಿಗೆಯಲ್ಲಿ ಹುದುಗಿಟ್ಟರೆ ಏನಾಗುತ್ತದೆ ಎಂದು ಸಾಹೇಬರು ಬಿಡಿಸಿ ಹೇಳಿದರು. ಸಾವ್ಕಾರರು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಜ್ಜ ಬಡಿಗೆ ಊರಿ ಎದ್ದ. ಮದುವೆ ಮುರಿಯಿತು ಎಂದುಕೊಂಡೆ. ಪಾಪ, ಆ ಹುಡುಗಿ ನಮಗೆ ಬೇಸಗೆಯಲ್ಲಿ ಮಜ್ಜಿಗೆ ಕಳಿಸುತ್ತಿದ್ದವಳು.

"ಆ ಔಷಧ ತರಸ್ರಿ, ನೋಡೂಣು," ಎಂದ ಅಜ್ಜ.

ಮನೆಯಿಂದ ಔಷಧ ಬಂತು. ಅಜ್ಜ ಮೂಸಿದ. ಅಂಗೈಗೆ ಸುರಿದು ನೆಕ್ಕಿದ. ಇನ್ನೊಮ್ಮೆ ಸುರಿದುಕೊಂಡ. ಆಮೇಲೆ ನನ್ನ ಔಷಧದ ಲೋಟವನ್ನೇ ಕೇಳಿ ತೆಗೆದುಕೊಂಡು ತುಂಬಿಸಿ, ಕಣ್ಣು ಮುಚ್ಚಿ ಕುಡಿದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದೆವು.

"ಬೀಗ್ರ," ಎಂದ ಅಜ್ಜ, ಮೀಸೆ ಒರೆಸಿಕೊಳ್ಳುತ್ತ, "ಹುಡುಗಿ ನಮಗ ಒಪ್ಪಿಗಿ ಐತ್ರಿ. ವರದಕ್ಷಿಣಿ ಬ್ಯಾಡ, ಉಪಚಾರ ಬ್ಯಾಡ. ಆ ವೈದ್ಯರು ಯಾವ ಓಣ್ಯಾಗ ಇರ್ತಾರ, ಅಷ್ಟು ಹೇಳ್ರಿ!"