ಒಂದಲ್ಲ, ನಲವತ್ತಮೂರು ಗಡ್ಡೆ

ಕಾರ್ಗಲ್,
ತಾ. 6-10-1965

ಇಂದ,
ಜಟ್ಟಿಂಗಪ್ಪ ಬಿನ್ ಪುಟ್ಟಪ್ಪ,
ಎರಡನೇ ದರ್ಜೆ ಫಿಟ್ಟರ್ (ಸದ್ಯ ಸ್ಟೋರಿನಲ್ಲಿ ಬೋಲ್ಟು ಎಣಿಸುವ ಕೆಲಸ),
ಸ್ವಂತ ಊರು ಅರಳಸುರಳಿ, ತೀರ್ಥಹಳ್ಳಿ ತಾಲ್ಲೂಕು,
ಹಾಲಿ ವಾಸ ಕಾರ್ಗಲ್ ಕಾಲೋನಿ, ಸಾಗರ ತಾಲ್ಲೂಕು.

ಗೆ,
ಎಕ್ಸಿಕ್ಯುಟಿವ್ ಇಂಜಿನಿಯರ್ ಸಾಹೇಬರು,
ಯಂತ್ರ ಜೋಡಣೆ ವಿಭಾಗ,
ಕಾರ್ಗಲ್.

ವಿಷಯ: ಪರದೇಶದಲ್ಲಿ ಶಾಲಾ ಮಕ್ಕಳ ಹಬ್ಬಕ್ಕೆ ಸ್ವಯಂಸೇವಕನಾಗಿ ದುಡಿದಾಗ ನಾನು ಒಂದು ಗಡ್ಡೆ ಕದ್ದೆನೆಂಬ ಆರೋಪವನ್ನು ನಲವತ್ತಮೂರು ಗಡ್ಡೆ ಎಂದು ತಿದ್ದಿಕೊಡುವ ಬಗ್ಗೆ, ಮತ್ತು ಇದಕ್ಕೆ ಸಂಬಂಧಪಟ್ಟ ಇತರ ಕೋರಿಕೆಗಳು.

ಉಲ್ಲೇಖ:
1. ತಮ್ಮ ಕಚೇರಿಯ ಮೆಮೋ, ತಾ. 20-9-1965.
2. ಆ ದೇಶದ ಪೊಲೀಸ್ ಕಾಗದ ಮತ್ತು ಅದಕ್ಕೆ ಬೆಂಗಳೂರಿನಲ್ಲಿ ಮಾಡಿಸಿದ ತರ್ಜುಮೆ.
3. ಹೆಡ್ ಕ್ಲರ್ಕ್ ಮುಕುಂದಯ್ಯನವರ ಬಾಯಿಮಾತಿನ ಸಲಹೆ (ಪಾಲಿಸಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮ ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ ಮೂರರ ಪ್ರಕಾರ ಮುಕುಂದಯ್ಯನವರು ನನ್ನನ್ನು ಕರೆದು, "ಎಂತ ಪುರಾಣ ಬರೀತಿ ಮಾರಾಯ? ತಪ್ಪಾಯ್ತು, ಕ್ಷಮಿಸಿ ಅಂತ ನಾಲ್ಕು ಸಾಲು ಬರಿ, ಸಾಹೇಬ್ರು ಸೈನ್ ಹಾಕ್ತಾರೆ, ಮುಗೀತು" ಎಂದರು. ನಾಲ್ಕು ಸಾಲಿನಲ್ಲಿ ನನ್ನ ತಪ್ಪು ಹಿಡಿಸುವುದಿಲ್ಲ. ಆದ್ದರಿಂದ ಈ ಕೆಳಗಿನಂತೆ ವಿವರವಾಗಿ ನಿವೇದಿಸಿಕೊಂಡಿದ್ದೇನೆ.

1. ಕಳೆದ ವರ್ಷ ಜೂನ್‌ನಿಂದ ಡಿಸೆಂಬರ್‌ವರೆಗೆ ನನ್ನನ್ನೂ, ಹೊಸನಗರ ತಾಲ್ಲೂಕಿನ ವೈರ್‌ಮನ್ ಜಿನದತ್ತನನ್ನೂ ಟರ್ಬೈನ್ ನಡೆಸುವ ತರಬೇತಿಗೆಂದು ಪಶ್ಚಿಮ ಜರ್ಮನಿಗೆ ಕಳಿಸಲಾಗಿತ್ತು. ನಾವಿದ್ದ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಲು ಮೂರು ಸಲ ಪ್ರಯತ್ನಿಸಿ ಕೈಬಿಟ್ಟಿದ್ದೇನೆ. ನಲವತ್ತಮೂರು ಮನೆ, ಒಂದು ಶಾಲೆ, ಒಂದು ಕಾರ್ಖಾನೆ. ಚಳಿಗಾಲ ಬಂತೆಂದರೆ ಸಂಜೆ ಐದಕ್ಕೇ ಕತ್ತಲಾಗುವ ಊರು.

2. ಆ ಕಡೆ ನವೆಂಬರ್ ಹನ್ನೊಂದರಂದು ಶಾಲಾ ಮಕ್ಕಳಿಗೆ ದೀಪದ ಹಬ್ಬ. ಕುಂಬಳಕಾಯಿಯಷ್ಟು ದಪ್ಪನಾದ, ದನಕ್ಕೆ ಹಾಕುವ ಒಂದು ಗಡ್ಡೆಯನ್ನು ಟೊಳ್ಳು ಮಾಡಿ, ಕಣ್ಣು ಬಾಯಿ ಕೊರೆದು, ಒಳಗೆ ಮೇಣದ ಬತ್ತಿ ಇಟ್ಟು, ಮಕ್ಕಳು ಹಾಡುತ್ತ ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ. ಶಾಲೆಯ ಉರ್ಸುಲಾ ಟೀಚರು ಅಕ್ಟೋಬರ್ ಕೊನೆಯಲ್ಲಿ ನಮ್ಮ ಬಿಡಾರಕ್ಕೆ ಬಂದು, ಊರಿನ ಗಂಡಸರೆಲ್ಲ ಕಾರ್ಖಾನೆಯಲ್ಲಿ ಎರಡೆರಡು ಪಾಳಿ ದುಡಿಯುತ್ತಿರುವ ಕಾರಣ ಹಬ್ಬಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆಂದು ತಿಳಿಸಿದರು. ನಾವಿಬ್ಬರೂ ಸಹಿ ಹಾಕಿದೆವು. ಬೆಂಚು ಹೊರುವುದು, ತಂತಿ ಎಳೆಯುವುದು, ಸೌದೆ ಒಟ್ಟುವುದು ನಮ್ಮ ಪಾಲಿಗೆ ಬಂತು. ಕೊನೆಯ ಕಲಮು, ಊರವರಿಂದ ಗಡ್ಡೆ ಸಂಗ್ರಹಿಸುವುದು.

3. ಸಂಗ್ರಹ ಹೇಗೆ ಎಂದು ನಾನು ಕೇಳಿದೆ. ಟೀಚರು ನಗುತ್ತ, "ನಿಮ್ಮ ದೇಶದಲ್ಲಿ ಹಬ್ಬಕ್ಕೆ ಹೇಗೆ ಸಂಗ್ರಹಿಸುತ್ತೀರೋ ಹಾಗೇ ಮಾಡಿ, ಮಕ್ಕಳೂ ಕಲಿಯಲಿ" ಎಂದರು. ತರ್ಜುಮೆ ನನ್ನದು. ಈ ಮಾತನ್ನು ಟೀಚರು ಈಗಲೂ ಅಲ್ಲಗಳೆಯುವುದಿಲ್ಲ.

4. ಅದೇ ವಾರ ನನ್ನ ಹೆಂಡತಿ ಕನ್ನಮ್ಮನ ಕಾಗದ ಬಂತು. ಸೋಮವಾರ ರಾತ್ರಿ ಬೂರೆ ಹಬ್ಬ, ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ ಎಂದು ಬರೆದಿದ್ದಳು. ತಾವು ಬಯಲುಸೀಮೆಯವರಾದ ಕಾರಣ ಇಲ್ಲಿ ವಿವರಣೆ ಅಗತ್ಯ. ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದೀಪಾವಳಿ ಶುರುವಾಗುವ ರಾತ್ರಿ ಹುಡುಗರು ಊರವರ ಹಿತ್ತಿಲಿಗೆ ನುಗ್ಗಿ ಸೌತೆಕಾಯಿ, ಕುಂಬಳಕಾಯಿ, ಕೈಗೆ ಸಿಕ್ಕಿದ್ದನ್ನು ಕದಿಯುತ್ತಾರೆ. ಅದಕ್ಕೆ ಬೂರೆ ಎನ್ನುತ್ತೇವೆ. ಅವತ್ತಿನ ಕಳವು ಕಳವಲ್ಲ. ಯಜಮಾನ ಎಚ್ಚರವಿದ್ದರೂ ಮಗ್ಗುಲು ಬದಲಿಸಿ ಮಲಗಬೇಕು. ಬೆಳಿಗ್ಗೆ ಎದ್ದು ಬೀದಿಗೆ ಕೇಳುವಂತೆ ಬೈಯಬೇಕು, ಬೈಯುವಾಗ ನಗಬಾರದು. ಎಲ್ಲರ ಮನೆಯಿಂದಲೂ ಏನಾದರೊಂದು ಹೋಗಲೇಬೇಕು. ಏನೂ ಹೋಗದ ಮನೆಯವರಿಗೆ ಅವತ್ತು ಹಬ್ಬದೂಟ ಗಂಟಲಲ್ಲಿ ಇಳಿಯುವುದಿಲ್ಲ.

ಇದನ್ನು ನಾನು ಕೇಳಿ ಹೇಳುತ್ತಿಲ್ಲ. ನನಗೆ ಎಂಟು ವರ್ಷವಾಗಿದ್ದಾಗ ನಮ್ಮಪ್ಪನಿಗೆ ಗದ್ದೆ ಅಂಚಿನ ವಿಷಯದಲ್ಲಿ ಒಡೆಯರೊಂದಿಗೆ ತಕರಾರಾಗಿ, ಊರು ಒಡೆಯರ ಕಡೆ ನಿಂತಿತ್ತು. ಆ ವರ್ಷದ ಬೂರೆಗೆ ನಮ್ಮ ಹಿತ್ತಿಲಿಗೆ ಯಾರೂ ಕಾಲಿಡಲಿಲ್ಲ. ಬೆಳಿಗ್ಗೆ ಬಳ್ಳಿಯಲ್ಲಿ ಕಾಯಿಗಳೆಲ್ಲ ಇದ್ದ ಹಾಗೇ ಇದ್ದವು. ನಮ್ಮವ್ವ ದುಗ್ಗಮ್ಮ ಅವನ್ನು ಎಣಿಸಿ ನೋಡಿದಳು. ಆಮೇಲೆ ತಾನೇ ಒಂದು ಕುಂಬಳಕಾಯಿ ಕಿತ್ತು ಹಳ್ಳಕ್ಕೆ ಎಸೆದು ಬಂದು, "ಯಾವ ಮನೆಹಾಳ್ರು ಬಂದಿದ್ರೋ, ನಮ್ದೂ ಒಯ್ದ್ರಲ್ಲೋ!" ಎಂದು ಬೀದಿಗೆ ಕೇಳುವಂತೆ ಕೂಗಿದಳು. ಅವ್ವನ ಆ ದನಿಯನ್ನು ನಾನು ಇವತ್ತಿಗೂ ಮರೆತಿಲ್ಲ.

5. ಕಾರಣ, ಸೋಮವಾರ ಸಂಜೆ ಐದೂವರೆಗೆ ಮೂವತ್ತೊಂದು ಮಕ್ಕಳನ್ನು ಕರೆದುಕೊಂಡು ಬೂರೆಗೆ ಹೊರಟೆ. ಜಿನದತ್ತ ಜೈನರವನಾದ ಪ್ರಯುಕ್ತ ಆರಂಭದಲ್ಲೇ ಆಕ್ಷೇಪಣೆ ಎತ್ತಿದ. "ಗಡ್ಡೆ ಕೀಳೋದು ನಮ್ಮಲ್ಲಿ ಆಗಲ್ಲ ಮಾರಾಯ. ಮಣ್ಣೊಳಗೆ ಎಷ್ಟು ಜೀವ ಇರ್ತಾವೋ. ತಿನ್ನೋದೇ ಇಲ್ಲ, ಇನ್ನು ಕದಿಯೋದಾ? ನಾ ಟಾರ್ಚು ಹಿಡೀತೀನಿ, ಕೀಳೋದೆಲ್ಲ ನೀನೇ ನೋಡ್ಕೋ." ಅದರಂತೆ ಅವನು ಟಾರ್ಚು ಹಿಡಿದ, ಹಿಡಿದಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿದ್ದ. ಆದ್ದರಿಂದ ಅವನನ್ನು ಈ ಪ್ರಕರಣದಿಂದ ಪೂರ್ತಿ ಕೈಬಿಡತಕ್ಕದ್ದು.

6. ಒಂದೂವರೆ ಗಂಟೆಯಲ್ಲಿ ನಲವತ್ತೆರಡು ಹಿತ್ತಿಲಿನಿಂದ ನಲವತ್ತೆರಡು ಗಡ್ಡೆ ಕಿತ್ತೆವು. ಆ ಮಕ್ಕಳು ಇಷ್ಟು ಖುಷಿಪಟ್ಟಿದ್ದನ್ನು ನಾನು ಐದು ತಿಂಗಳಲ್ಲಿ ನೋಡಿರಲಿಲ್ಲ. ಒಂದು ಹುಡುಗಿ ತನ್ನ ಮನೆಯ ಹಿತ್ತಿಲಿಗೆ ತಾನೇ ನುಗ್ಗಿ, ತನ್ನ ಅಪ್ಪನಿಗೆ ಹೆದರಿ ಓಡಿದಳು.

ಊರ ಕೊನೆಯ ಮನೆ ಮಾತ್ರ ಉಳಿಯಿತು. ಹಿತ್ತಿಲಲ್ಲಿ ಆರೇ ಗಡ್ಡೆ ಇದ್ದವು. ಜಿನದತ್ತ ಕಣ್ಣು ತೆರೆದು, "ಒಂಟಿ ಅಜ್ಜಿ ಮನೆ, ಪಾಪ, ಇದೊಂದು ಬಿಡಾ" ಎಂದ. ಮಕ್ಕಳೂ, "ಅವಳು ನಮ್ಮ ಊರಿನವಳಲ್ಲ" ಎಂದವು. ನಾನೂ ಬಿಟ್ಟೆ. ಈ ಪ್ರಕರಣದಲ್ಲಿ ನಾನು ಒಪ್ಪಿಕೊಳ್ಳುವ ತಪ್ಪು ಇದೊಂದೇ.

7. ಮರುದಿನ ಬೆಳಿಗ್ಗೆ ಊರವರೆಲ್ಲ ಶಾಲೆಯ ಮುಂದೆ ಸೇರಿದರು. ಮುಖ ನೋಡಿದರೆ ನಮ್ಮನ್ನು ಮುಂದಿನ ರೈಲಿಗೆ ಹತ್ತಿಸುವ ಹಾಗಿತ್ತು. ನಾನು ನನ್ನ ಮುರುಕು ಜರ್ಮನ್‌ನಲ್ಲಿ ಬೂರೆಯ ನಿಯಮಾವಳಿಯನ್ನು ಒಪ್ಪಿಸಿದೆ. ಉಳಿದದ್ದನ್ನು ಟೀಚರು ನನ್ನಿಂದ ಕೇಳಿಕೊಂಡು ತುಂಬಿದರು. ನಮ್ಮವರು ಎಂದುಕೊಂಡವರ ಮನೆಯಲ್ಲಿ ಮಾತ್ರ ಕದಿಯುವುದು ಎಂದು ಅವರು ಹೇಳಿದಾಗ ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಆಮೇಲೆ ಯಾರ ಗಡ್ಡೆ ದೊಡ್ಡದು ಎಂಬ ಜಗಳ ಶುರುವಾಯಿತು. ದೂರು ಒಂದೂ ಬರಲಿಲ್ಲ.

8. ಅಷ್ಟರಲ್ಲಿ ಆ ಕೊನೆಯ ಮನೆಯ ಮಾರ್ತಾ ಅಜ್ಜಿ ಬಂದಳು. ಯುದ್ಧ ಮುಗಿದ ವರ್ಷ ಪೂರ್ವದ ಕಡೆಯಿಂದ ಮನೆಮಠ ಬಿಟ್ಟು ಕೈಗಾಡಿ ತಳ್ಳಿಕೊಂಡು ಬಂದವಳಂತೆ. ಹತ್ತೊಂಬತ್ತು ವರ್ಷವಾದರೂ ಊರಿಗೆ ಅವಳು ಹೊರಗಿನವಳೇ. ಅವಳು ನನ್ನನ್ನು ಕೇಳಿದ್ದು ಇಷ್ಟು: "ಎಲ್ಲರ ಮನೆಯದೂ ಹೋಗಿದೆಯಂತೆ. ನನ್ನದನ್ನು ಯಾಕೆ ಬಿಟ್ಟೆ?"

ಟೀಚರು ತಮ್ಮ ಬೂಟು ನೋಡಿಕೊಂಡರು. ನನಗೆ ನಾಚಿಕೆಯಾಯಿತು ಎಂದು ಕಚೇರಿ ದಾಖಲೆಗಾಗಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

9. ಸದರಿ ಲೋಪವನ್ನು ಸರಿಪಡಿಸುವ ಸಲುವಾಗಿ ಅದೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ, ಹಾಡಹಗಲಿನಲ್ಲಿ, ಮಕ್ಕಳ ಸಮೇತ ಮಾರ್ತಾ ಅಜ್ಜಿಯ ಹಿತ್ತಿಲಿಗೆ ನುಗ್ಗಿದೆ. ಅಜ್ಜಿಗೆ ಮುಂಚೆಯೇ ನಿಯಮ ತಿಳಿಸಿದ್ದೆ. ನಾವು ಕೀಳುವಾಗ ಬೆನ್ನು ತಿರುಗಿಸಿ ನಿಂತಿರಬೇಕು, ಕಿತ್ತ ಮೇಲೆ ಹೊರಗೆ ಬಂದು ಬೈಯಬೇಕು, ನಗಬಾರದು. ಆರರಲ್ಲಿ ದೊಡ್ಡದನ್ನು ಆರಿಸಿ ಕಿತ್ತೆ.

ಆ ವೇಳೆಗೆ ಸರಿಯಾಗಿ ಪಕ್ಕದ ಠಾಣೆಯ ಪೊಲೀಸ್ ಪೇದೆಯೊಬ್ಬ ಸೈಕಲ್ಲಿನಲ್ಲಿ ಬಂದ. ಅವನಿಗೆ ಹಿಂದುಮುಂದು ಏನೂ ಗೊತ್ತಿರಲಿಲ್ಲ. ಬೇಲಿಯೊಳಗೆ ಒಬ್ಬ ಕಪ್ಪು ಮನುಷ್ಯ ಗಡ್ಡೆ ಹಿಡಿದು ನಿಂತಿದ್ದಾನೆ, ಬಾಗಿಲಲ್ಲಿ ಒಬ್ಬ ಮುದುಕಿ ಬೈಯುತ್ತಿದ್ದಾಳೆ. ಬೈಗುಳವೆಂದರೆ ಬೈಗುಳ ಸ್ವಾಮಿ! ಹತ್ತೊಂಬತ್ತು ವರ್ಷ ಯಾರನ್ನೂ ಬೈಯಲು ಸಲಿಗೆ ಸಿಗದವಳು ಅವತ್ತು ಒಂದೇ ಉಸಿರಿಗೆ ಎಲ್ಲವನ್ನೂ ತೀರಿಸಿಕೊಂಡಳು. ಮೊದಲೇ ಎಚ್ಚರಿಸಿದ್ದರಿಂದ ಒಮ್ಮೆಯೂ ನಗಲಿಲ್ಲ. ಪೇದೆ ಸೈಕಲ್ ನಿಲ್ಲಿಸಿ, ಪುಸ್ತಕ ತೆಗೆದು, ಎಲ್ಲವನ್ನೂ ಮಾಲೀಕಳ ಹೇಳಿಕೆ ಎಂದು ಬರೆದುಕೊಂಡ.

10. ಅಜ್ಜಿ ಸಂಜೆಯೇ ಠಾಣೆಗೆ ಹೋಗಿ, ಅದು ಹಬ್ಬದ ಬೈಗುಳವೆಂದು ತಿಳಿಸಿದಳು. ಬರೆದದ್ದನ್ನು ಅಳಿಸಲು ಅವಕಾಶವಿಲ್ಲವೆಂದು ಉತ್ತರ ಬಂತು. ಈ ಒಂದು ವಿಷಯದಲ್ಲಿ ಆ ದೇಶಕ್ಕೂ ನಮ್ಮ ಕಚೇರಿಗೂ ವ್ಯತ್ಯಾಸವಿಲ್ಲ.

11. ಹನ್ನೊಂದನೇ ತಾರೀಖು ಮೆರವಣಿಗೆ ಹೊರಟಾಗ ನಲವತ್ತಮೂರು ದೀಪವಿತ್ತು. ಮಕ್ಕಳು ಮಾರ್ತಾ ಅಜ್ಜಿಯ ಕೈ ಹಿಡಿದು ಎಳೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಜಿನದತ್ತ ಬತ್ತಿ ಹಚ್ಚುವ ಕೆಲಸ ಮಾಡಿದ. ನಾನು ಹಾಡು ಬರದಿದ್ದರೂ ಹಾಡಿದೆ. ಆ ಸಂಜೆಯಷ್ಟು ಸಂತೋಷ ನನಗೆ ಆ ದೇಶದಲ್ಲಿ ಬೇರೆ ದಿನ ಆಗಿಲ್ಲ.

12. ಆ ಪೊಲೀಸ್ ಕಾಗದ ಹತ್ತು ತಿಂಗಳು ತಿರುಗಾಡಿ ಕಳೆದ ತಿಂಗಳು ತಮ್ಮ ಮೇಜಿಗೆ ಬಂದಿದೆ. ತರ್ಜುಮೆಯಲ್ಲಿ "ಒಂದು ಗಡ್ಡೆ ಕಳವು, ಮಾಲೀಕಳು ಅತ್ಯಂತ ಕ್ರುದ್ಧಳಾಗಿದ್ದಳು" ಎಂದಿದೆ. ತತ್ಪರಿಣಾಮ ನನಗೆ ಬರಬೇಕಾಗಿದ್ದ ಟರ್ಬೈನ್ ಆಪರೇಟರ್ ಹುದ್ದೆಯ ಆದೇಶವನ್ನು ತಡೆಹಿಡಿದು, ನನ್ನನ್ನು ಸ್ಟೋರಿಗೆ ಹಾಕಲಾಗಿದೆ. ಸ್ವಾಮಿ, ಆರು ತಿಂಗಳು ಆ ಯಂತ್ರದ ಒಂದೊಂದು ಕವಾಟವನ್ನೂ ಕೈಯಿಂದ ಮುಟ್ಟಿ ಕಲಿತು ಬಂದಿದ್ದೇನೆ. ಬರುವ ತಿಂಗಳು ಹೊಸ ಯಂತ್ರವನ್ನು ಮೊದಲ ಸಲ ತಿರುಗಿಸುವಾಗ ಅದರ ಸದ್ದನ್ನು ಸ್ಟೋರಿನ ಕಿಟಕಿಯಿಂದ ಕೇಳುವುದು ನನ್ನಿಂದ ಆಗದು.

13. ಕೊನೆಯದಾಗಿ ಈ ಕಾಲೋನಿಯ ವಿಷಯ. ಇಲ್ಲಿ ಯಾರೂ ಇಲ್ಲಿಯವರಲ್ಲ. ಪಾಲಘಾಟಿನವರಿದ್ದಾರೆ, ಕಡಪದವರಿದ್ದಾರೆ, ನೀರಿನಲ್ಲಿ ಊರು ಮುಳುಗಿದವರಿದ್ದಾರೆ. ನಾನಿಲ್ಲದಾಗ, ಕಳೆದ ದೀಪಾವಳಿಗೆ ನಮ್ಮ ಕಡೆಯ ಹುಡುಗರು ಕಾಲೋನಿಯಲ್ಲಿ ಮೊದಲ ಸಲ ಬೂರೆ ಮಾಡಿದರು. ಪ್ರತಿ ಮನೆಯದೂ ಏನಾದರೊಂದು ಹೋಯಿತು, ವಾಚ್‌ಮನ್ ಇದ್ದ ಕಾರಣ ತಮ್ಮ ಬಂಗಲೆಯೊಂದನ್ನು ಬಿಟ್ಟು.

ಮೊನ್ನೆ ರೇಷನ್ ಅಂಗಡಿಯಲ್ಲಿ ತಮ್ಮ ಮನೆಯ ಅಮ್ಮನವರು ನನ್ನ ಹೆಂಡತಿಯನ್ನು ಕೇಳಿದರಂತೆ: "ಹೋದ ವರ್ಷ ಎಲ್ಲರ ಮನೇದೂ ಹೋಗಿತ್ತಂತೆ. ನಮ್ಮನೇಲಿ ಒಂದು ಎಲೇನೂ ಅಲ್ಲಾಡಲಿಲ್ಲ. ಯಾಕಮ್ಮ?" ಕನ್ನಮ್ಮ, "ದೊಡ್ಡೋರ ಮನೆ ಅಲ್ದಾ ಅಮ್ಮಾ, ಹುಡುಗ್ರು ಹೆದರ್ತಾವೆ" ಎಂದಿದ್ದಾಳೆ. ಅಮ್ಮನವರು ನಕ್ಕರಂತೆ. ಆ ನಗು ತನಗೆ ಸರಿ ಕಾಣಲಿಲ್ಲವೆಂದು ಕನ್ನಮ್ಮ ಹೇಳುತ್ತಾಳೆ. ಅವಳು ಇಂಥದ್ದರಲ್ಲಿ ತಪ್ಪುವುದಿಲ್ಲ.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ:

(ಅ) ಮೆಮೋದಲ್ಲಿ "ಒಂದು ಗಡ್ಡೆ" ಎಂಬುದನ್ನು ಹೊಡೆದುಹಾಕಿ "ನಲವತ್ತಮೂರು ಗಡ್ಡೆ" ಎಂದು ತಿದ್ದುವುದು. ಒಂದೇ ಮನೆಯಲ್ಲಿ ಕದ್ದವನು ಕಳ್ಳನಾಗುತ್ತಾನೆ. ನಾನು ಎಲ್ಲರ ಮನೆಯಲ್ಲೂ ಕದ್ದಿದ್ದೇನೆ.

(ಆ) ಹಾಗೆ ತಿದ್ದಿದ ಮೇಲೆ ಆಪರೇಟರ್ ಹುದ್ದೆಯ ಆದೇಶವನ್ನು ಬಿಡುಗಡೆ ಮಾಡುವುದು.

(ಇ) ಇದೇ ತಿಂಗಳು 22ರ ರಾತ್ರಿ ತಮ್ಮ ಬಂಗಲೆಯ ಹಿಂದಿನ ಚಪ್ಪರದಿಂದ ಒಂದು ಕುಂಬಳಕಾಯಿಯನ್ನು ಕಾಲೋನಿಯ ಮಕ್ಕಳು ಕದಿಯಲು ಅನುಮತಿಯನ್ನು ಲಿಖಿತವಾಗಿ ನಿರಾಕರಿಸುವುದು. ಅನುಮತಿ ಕೊಟ್ಟಲ್ಲಿ ಅದು ದಾನವಾಗುತ್ತದೆ, ಬೂರೆ ಆಗುವುದಿಲ್ಲ. ನಿರಾಕರಿಸಿದ ತರುವಾಯ ವಾಚ್‌ಮನ್‌ಗೆ ಆ ರಾತ್ರಿ ರಜೆ ಕೊಟ್ಟು, ಬೇಗ ದೀಪ ಆರಿಸಿ ಮಲಗುವುದು.

ಇತಿ, ಒಂದು ಗಡ್ಡೆಯ ಮಟ್ಟಿಗಲ್ಲದೆ ನಲವತ್ತಮೂರರ ಮಟ್ಟಿಗೂ
ತಮ್ಮ ವಿಶ್ವಾಸಿ,
(ಸಹಿ) ಜಟ್ಟಿಂಗಪ್ಪ

ಅಡಕಗಳು:
1. ಉರ್ಸುಲಾ ಟೀಚರ ಕಾಗದ, ಜರ್ಮನ್ ಭಾಷೆಯದು. ಈ ವರ್ಷವೂ ಮಕ್ಕಳು ಬೂರೆಗೆ ಹೊರಡುತ್ತಿದ್ದಾರೆ ಎಂದಿದೆ.
2. ಮಾರ್ತಾ ಅಜ್ಜಿಯ ಬೈಗುಳದ ಪೂರ್ಣ ಪಾಠ, ಎರಡು ಹಾಳೆ. ಜಿನದತ್ತನ ತರ್ಜುಮೆ, ಕೆಲವು ಕಡೆ ಚುಕ್ಕೆ ಹಾಕಿ ಬಿಟ್ಟಿದ್ದಾನೆ.
3. ಆಪರೇಟರ್ ತರಬೇತಿಯ ಸರ್ಟಿಫಿಕೇಟು, ಪ್ರಥಮ ದರ್ಜೆ.

ಪುನಶ್ಚ: ಒಂದು ಅರ್ಜಿಗೆ ಒಂದೇ ಕೋರಿಕೆ ಮಂಜೂರು ಮಾಡಬೇಕೆಂಬ ನಿಯಮವಿದ್ದಲ್ಲಿ (ಇ)ಯನ್ನೇ ಮಂಜೂರು ಮಾಡತಕ್ಕದ್ದು, ಬೋಲ್ಟು ಇನ್ನೂ ಸ್ವಲ್ಪ ದಿನ ಎಣಿಸುತ್ತೇನೆ. 23ರ ಬೆಳಿಗ್ಗೆ ಅಮ್ಮನವರು ಹಿತ್ತಿಲ ಬಾಗಿಲಿಗೆ ಬಂದು ಜೋರಾಗಿ ಬೈಯಬೇಕಾಗುತ್ತದೆ. ಅಭ್ಯಾಸವಿಲ್ಲದಿದ್ದಲ್ಲಿ ಹಿಂದಿನ ದಿನ ಹೇಳಿಕೊಡಲು ಕನ್ನಮ್ಮ ಬರುತ್ತಾಳೆ. ವಾಚ್‌ಮನ್‌ಗೆ ಹೇಳಿ ಅವಳನ್ನು ಗೇಟಿನೊಳಗೆ ಬಿಡಿಸಬೇಕಾಗಿ ವಿನಂತಿ.