ಗ್ಯಾಸ್ ಎಂದರೆ ಗೇಟು ತೆರೆಯದು

ಭಾನುವಾರ ಬೆಳಿಗ್ಗೆ ನಾನು ಉಪ್ಪಿಟ್ಟಿನ ಬಾಣಲೆ ಇಳಿಸುವಷ್ಟರಲ್ಲಿ ನಮ್ಮ ಯಜಮಾನರು ಊಟದ ಮೇಜಿನ ಮೇಲೆ ಒಂದು ಪೆಟ್ಟಿಗೆ ತಂದಿಟ್ಟರು. ಅದಕ್ಕೆ ಹೊದಿಸಿದ್ದು ನನ್ನ ಹೊಸ ಟವೆಲು! ಮಂತ್ರಿಗಳು ಶಿಲಾಫಲಕದ ಪರದೆ ಸರಿಸುವ ಹಾಗೆ ಅದನ್ನು ಸರಿಸಿದರು. ಕೆಂಪು ಬಣ್ಣದ ಪೆಟ್ಟಿಗೆ, ಮುಂದುಗಡೆ ಎರಡು ದೀಪ, ಮಾತಾಡಲು ಒಂದು ಜಾಲರಿ. ನೆತ್ತಿಯ ಮೇಲೆ ಹಳೇ ಕಾಲದ ರೈಲ್ವೆ ಸಿಗ್ನಲ್ಲಿನಂಥ ಗೇಣುದ್ದದ ಕೈಮರ.

"ದಾಕ್ಷಾಯಿಣಿ, ಇನ್ಮೇಲೆ ಯಾವ ಡಾಕ್ಟ್ರೂ ನಿನ್ನ ಮಾತನ್ನ ಅರ್ಧಕ್ಕೆ ತುಂಡು ಮಾಡೋಕಾಗಲ್ಲ" ಎಂದರು.

ನಮ್ಮ ಯಜಮಾನರ ಹೆಸರು ಚಂದ್ರಮೌಳಿ. ಅರಸೀಕೆರೆಯಲ್ಲಿ ಮೂವತ್ನಾಲ್ಕು ವರ್ಷ ರೈಲ್ವೆ ಸಿಗ್ನಲ್ ರಿಪೇರಿ ಮಾಡಿ ರಿಟೈರ್ ಆದವರು. ಆಮೇಲೆ ಸುಮ್ಮನೆ ಕೂತರೇ? ಹಾಲು ಉಕ್ಕಿದರೆ ಕೂಗುವ ಯಂತ್ರ ಮಾಡಿದರು. ಅದು ಪಕ್ಕದ ಮನೆಯ ಹಾಲಿಗೂ ಕೂಗಿತು. ಬೆಕ್ಕು ಓಡಿಸುವ ಯಂತ್ರ ಮಾಡಿದರು. ಬೆಕ್ಕು ಅದರ ಮೇಲೆಯೇ ಮರಿ ಹಾಕಿತು. ಆದರೆ ಈ ಸಲದ ಯಂತ್ರಕ್ಕೆ ಕಾರಣ ನಾನು, ಹಾಗಾಗಿ ಬೈಯಲು ನನಗೆ ಬಾಯಿ ಬರಲಿಲ್ಲ.

ಎಂಟು ತಿಂಗಳಿಂದ ನನಗೆ ಮೈ ಸರಿಯಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಸುಡುಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ. ಬಾಚಣಿಗೆ ತುಂಬಾ ಕೂದಲು. ನುಂಗುವಾಗ ಗಂಟಲಲ್ಲಿ ಏನೋ ಅಡ್ಡ ಸಿಕ್ಕಿದ ಹಾಗೆ. ನಮ್ಮ ಫ್ಯಾಮಿಲಿ ಡಾಕ್ಟರು ಶ್ರೀಕಂಠಮೂರ್ತಿಗಳು ಒಳ್ಳೆಯವರೇ, ಕೈಗುಣವೂ ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಅವರ ಪ್ರಕಾರ ಜಗತ್ತಿನಲ್ಲಿ ಇರುವುದು ಮೂರೇ ಕಾಯಿಲೆ: ಗ್ಯಾಸು, ವಯಸ್ಸು, ಟೆನ್ಷನ್ನು. ನಾನು ಐದು ಸಲ ಹೋದೆ. ಎರಡು ಸಲ ಗ್ಯಾಸು ಸಿಕ್ಕಿತು, ಎರಡು ಸಲ ವಯಸ್ಸು, ಒಂದು ಸಲ ಟೆನ್ಷನ್ನು. ನಾನು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅವರ ಚೀಟಿ ಅರ್ಧ ಬರೆದಾಗಿರುತ್ತಿತ್ತು.

ಬೇರೆ ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋದೆನಲ್ಲ, ಹಾಸನಕ್ಕೆ! ಅಲ್ಲಿಯ ದೊಡ್ಡ ಡಾಕ್ಟರು ನಿಮ್ಮ ಫ್ಯಾಮಿಲಿ ಡಾಕ್ಟರು ಏನಂದರು ಎಂದು ಕೇಳಿದರು. ಗ್ಯಾಸು ಅಂದರು ಎಂದೆ. ಹಾಗಾದರೆ ಗ್ಯಾಸೇ ಎಂದು ಅವರೂ ಬರೆದರು. ನಾನು ಒಳಗೊಳಗೇ ಹೆದರಿಹೋಗಿದ್ದೆ. ಕ್ಯಾನ್ಸರೇ ಇರಬೇಕೆಂದುಕೊಂಡು, ಯಾವ ಸೀರೆ ಯಾವ ತಂಗಿಗೆ ಎಂದು ಮನಸ್ಸಿನಲ್ಲೇ ಹಂಚಿಯೂ ಆಗಿತ್ತು.

ಯಜಮಾನರು ಯಂತ್ರದ ಗುಟ್ಟು ವಿವರಿಸಿದರು. ರೈಲ್ವೆಯಲ್ಲಿ ಒಬ್ಬ ಸ್ಟೇಷನ್ ಮಾಸ್ತರು ಗಾಡಿಯ ವಿಷಯ ಫೋನಿನಲ್ಲಿ ಹೇಳಿದರೆ, ಆಚೆಯವನು ಸುಮ್ಮನೆ "ಹ್ಞೂಂ" ಅಂದರೆ ನಡೆಯುವುದಿಲ್ಲ. ಹೇಳಿದ್ದನ್ನು ತಿರುಗಿ ಹೇಳಿ, ತನ್ನದೊಂದು ಗುಟ್ಟಿನ ನಂಬರು ಕೊಡಬೇಕು. ಕೇಳಿಸಿಕೊಂಡೆ ಎನ್ನುವುದಕ್ಕೆ ಆ ನಂಬರೇ ಸಾಕ್ಷಿ. ಈ ಯಂತ್ರಕ್ಕೆ ರೋಗಿಯ ಒಂದೊಂದು ದೂರೂ ಒಂದೊಂದು ಗಾಡಿ. ಡಾಕ್ಟರು ಅದನ್ನು ತಿರುಗಿ ಹೇಳಿ, ಅದರ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ಆಗ ಯಂತ್ರದ ಮೇಲೆ ನಂಬರು ಮೂಡುತ್ತದೆ. ಅದನ್ನು ಓದಿದರೆ ಗಾಡಿ ತಲುಪಿದಂತೆ. ಅಲ್ಲಿಯವರೆಗೆ ಅದು ಸೆಕ್ಷನ್ನಿನಲ್ಲಿ, ಅಂದರೆ ಎರಡು ಸ್ಟೇಷನ್ನುಗಳ ನಡುವಿನ ಹಳಿಯ ಮೇಲೆಯೇ.

"ಪರೀಕ್ಷೆಗೆ ಒಂದು ದೂರು ಹೇಳು ನೋಡೋಣ" ಎಂದರು ಹೆಮ್ಮೆಯಿಂದ.

ಹೇಳು ಎಂದು ಯಾರಿಗೆ ಹೇಳಿದರು ನೋಡಿ! ಬಚ್ಚಲಮನೆ ನಲ್ಲಿ ಸೋರುವುದರಿಂದ ಶುರು ಮಾಡಿದೆ. ಟ್ರಿಣ್ ಎಂದಿತು, ಕೆಂಪು ದೀಪ ಹತ್ತಿತು. ಅಡುಗೆಮನೆಯ ಬಾಗಿಲು, ನಡುಮನೆಯ ಬಾಗಿಲು, ಎರಡಕ್ಕೂ ಅವರು ಯಂತ್ರದ ಜೊತೆ ಜೋಡಿಸಿಟ್ಟಿದ್ದ ಚಿಲಕಗಳು ಟಕ್ಕೆಂದು ಬಿದ್ದವು. "ಗಮನಿಸಿ. ದೂರು ಸಂಖ್ಯೆ ಒಂದು ಸೆಕ್ಷನ್‌ನಲ್ಲಿದೆ" ಎಂದು ಪ್ಲಾಟ್‌ಫಾರ್ಮಿನ ಹೆಂಗಸಿನ ದನಿ. ಯಜಮಾನರು "ಆಯ್ತು, ಮಾಡಿಸ್ತೀನಿ" ಎಂದರು. ಯಂತ್ರ ಒಪ್ಪಲಿಲ್ಲ. ಅಷ್ಟರಲ್ಲಿ ನಾನು ಹದಿನೇಳನೆಯದಕ್ಕೆ ಬಂದಿದ್ದೆ. ಮದುವೆಯಾದ ವರ್ಷದವರೆಗೂ ಹೋಗಿ ನಲವತ್ತೊಂದಕ್ಕೆ ನಿಲ್ಲಿಸಿದೆ. ಪಾಪ, ಒಂದೊಂದಕ್ಕೂ ಪ್ರಶ್ನೆ ಕೇಳಿ ನಂಬರು ಓದಿ ಅವರು ಮುಗಿಸುವಾಗ ಮಧ್ಯಾಹ್ನ ಮೂರು. ನಿಜ ಹೇಳುತ್ತೇನೆ, ಅಷ್ಟು ನೆಮ್ಮದಿಯ ಭಾನುವಾರ ನನ್ನ ಸಂಸಾರದಲ್ಲಿ ಇನ್ನೊಂದಿಲ್ಲ.

ಇದನ್ನು ನಿಲ್ಲಿಸುವ ಸ್ವಿಚ್ಚು ಎಲ್ಲಿ, ಬಾಗಿಲಿಗೇಕೆ ಚಿಲಕ ಎಂದು ಕೇಳಿದೆ. ಅವರಿಗೆ ಅವಮಾನವೇ ಆಯಿತು.

"ಸೆಕ್ಷನ್ನಲ್ಲಿ ಗಾಡಿ ಇರೋವಾಗ ಗೇಟು ತೆಗೆಯೋದುಂಟೇನೇ? ಮೂವತ್ನಾಲ್ಕು ವರ್ಷದಲ್ಲಿ ಒಂದು ಸಲ ತೆಗೆದಿಲ್ಲ ನಾನು!"

ಸೋಮವಾರ ಯಂತ್ರ ಹೊತ್ತು ಕ್ಲಿನಿಕ್ಕಿಗೆ ಹೋದರು. ಡಾಕ್ಟರು ನಕ್ಕರಂತೆ. ಇಪ್ಪತ್ತೆರಡು ವರ್ಷದಿಂದ ಎಲ್ಲರ ಮಾತು ಕೇಳುತ್ತಲೇ ಇದ್ದೇನೆ, ಧಾರಾಳವಾಗಿ ಇಡಿ, ನಿಮ್ಮ ಯಂತ್ರವೇ ನನಗೆ ಸರ್ಟಿಫಿಕೇಟು ಕೊಡಲಿ ಎಂದರಂತೆ. ಬಾಗಿಲಿಗೆ ಕೂರಿಸುವ ಚಿಲಕಗಳ ವಿಷಯವನ್ನೂ ಯಜಮಾನರು ಎರಡು ಸಲ ಹೇಳಿದರು. ಡಾಕ್ಟರು ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ಮಂಗಳವಾರ ಹನ್ನೊಂದಕ್ಕೆ ನಾವಿಬ್ಬರೂ ಒಳಗೆ ಹೋದೆವು. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು. ಪಕ್ಕದ ಔಷಧಿ ಕೋಣೆಯ ಕಿಂಡಿಯಲ್ಲಿ ಕಾಂಪೌಂಡರ್ ಕರಿಬಸಪ್ಪ ಮಾತ್ರೆ ಎಣಿಸುತ್ತಿದ್ದ. ನಾನು ಕೂರುವ ಮೊದಲೇ ಡಾಕ್ಟರ ಪೆನ್ನು ಓಡತೊಡಗಿತು. ನಾನು ಯಂತ್ರದ ಕಡೆ ತಿರುಗಿ ಸುಸ್ತು, ಚಳಿ, ಕೂದಲು, ಗಂಟಲು ಎಂದು ನಾಲ್ಕೂ ಹೇಳಿದೆ. ಕೊನೆಗೆ, ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

"ನನಗೆ ಹೆದರಿಕೆ ಆಗಿದೆ ಡಾಕ್ಟ್ರೇ."

ಟ್ರಿಣ್! ಕೈಮರ ಧಡಕ್ಕನೆ ಕೆಳಗಿಳಿದು ಚೀಟಿಯ ಮೇಲೆ ಬಿತ್ತು. ಡಾಕ್ಟರು ಎಳೆದರು, ಬರಲಿಲ್ಲ. "ಹ್ಞೂಂ, ಹ್ಞೂಂ" ಎಂದರು. "ಗಮನಿಸಿ. ಐದು ದೂರುಗಳು ಸೆಕ್ಷನ್‌ನಲ್ಲಿವೆ." ಡಾಕ್ಟರಿಗೆ ಸಿಟ್ಟು ಬಂತು.

"ಅದೆಲ್ಲ ಗ್ಯಾಸು ಕಣಮ್ಮಾ!"

ಯಂತ್ರ ಗೂಡ್ಸ್ ಗಾಡಿಯ ಹಾಗೆ ಹಾರ್ನು ಹೊಡೆಯಿತು. ಕಿಟಕಿಯ ಗಾಜು ಅದುರಿತು. ಡಾಕ್ಟರು ಬಾಗಿಲಿಗೆ ಓಡಿದರೆ ಚಿಲಕ ಬಿದ್ದಿದೆ. ಔಷಧಿ ಕೋಣೆಯದೂ ಬಿದ್ದಿದೆ. ಕರಿಬಸಪ್ಪನ ಮುಖ ಮಾತ್ರ ಕಿಂಡಿಯಲ್ಲಿ ಕಾಣುತ್ತಿತ್ತು. ಡಾಕ್ಟರು ಪ್ಲಗ್ಗು ಕಿತ್ತರು. ಬ್ಯಾಟರಿ ಎರಡು ದಿನ ಬರುತ್ತದೆ ಎಂದು ಯಜಮಾನರು ವಿನಯದಿಂದ ತಿಳಿಸಿದರು.

ಹಾರ್ನು ಕೇಳಿ ಹೊರಗಿನವರೆಲ್ಲ ಕಿಟಕಿಗೆ ಮುತ್ತಿದರು. ಯಂತ್ರದ ಕೆಲಸ ಅರ್ಥವಾಗಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಸೊಪ್ಪಿನ ಅಜ್ಜಿ ಕಂಬಿಯೊಳಗೆ ಮೂತಿ ತೂರಿಸಿ, ನಂದೂ ಒಂದು ಗಾಡಿ ಬಿಟ್ಕಳಪ್ಪಾ ಎಂದು ಮಂಡಿನೋವು ಒಪ್ಪಿಸಿದಳು. ಇನ್ನೊಬ್ಬರು ಅಜೀರ್ಣ ಕೊಟ್ಟರು. ಒಬ್ಬರಂತೂ ಊರಲ್ಲಿರುವ ಅತ್ತೆಯ ಕಿವಿಯನ್ನೂ ಸೇರಿಸಿದರು. ಮೂವತ್ತೊಂದು ದೂರುಗಳು ಸೆಕ್ಷನ್‌ನಲ್ಲಿವೆ ಎಂದಿತು ಯಂತ್ರ.

ಡಾಕ್ಟರು ಕುರ್ಚಿಯಲ್ಲಿ ಕುಸಿದರು. "ದಿನಕ್ಕೆ ಎಂಬತ್ತು ಜನ ಕಣ್ರೀ! ಬರೆದೂ ಬರೆದೂ ಮೂರು ತಿಂಗಳಿಂದ ಬಲಗೈ ಬೆರಳು ಜೋಮು ಹಿಡಿದಿದೆ. ಅದನ್ನ ಯಾರಿಗೆ ಹೇಳ್ಲಿ?"

ಟ್ರಿಣ್. ಮೂವತ್ತೆರಡು.

ಅವರೇ ತಮ್ಮ ಜೋಮನ್ನು ತಿರುಗಿ ಹೇಳಿ, ಅವರೇ ಪ್ರಶ್ನೆ ಕೇಳಿ, ಅವರೇ ಉತ್ತರ ಕೊಟ್ಟರು. ನಂಬರು ಮೂಡಲಿಲ್ಲ. ತನ್ನ ಗಾಡಿಗೆ ತಾನೇ ದಾರಿ ಬಿಟ್ಟುಕೊಳ್ಳುವ ಸ್ಟೇಷನ್ನು ಇಲ್ಲ, ಇನ್ನೊಬ್ಬರೇ ಕೊಡಬೇಕು ಎಂದು ಯಜಮಾನರು ಹೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಬಾಯಿಂದ ಏನು ಬಂತು ಗೊತ್ತೇ?

"ವಯಸ್ಸಾಯ್ತಲ್ಲ ಡಾಕ್ಟ್ರೇ, ಸರಿಹೋಗುತ್ತೆ ಬಿಡಿ."

ಹಾರ್ನು ಹೊಡೆಯಿತು! ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಎಂಟು ತಿಂಗಳು ಯಾವ ಮಾತಿಗೆ ಉರಿದುಕೊಂಡಿದ್ದೆನೋ ಅದೇ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆಮೇಲೆ ಸರಿಯಾಗಿ ಕೇಳಿದೆ. ಯಾವ ಬೆರಳು, ಕೈಯಿಂದ ವಸ್ತು ಜಾರುತ್ತದೆಯೇ ಎಂದು. ಅವರು ಮೆತ್ತಗೆ ಹೇಳಿದರು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುವುದಿಲ್ಲವಂತೆ. ಜೊತೆಯಲ್ಲಿ ಓದಿದ ಡಾಕ್ಟರಿಗೆ ತೋರಿಸಿದರೆ, ಅವರು ಟೆನ್ಷನ್ನು ಎಂದರಂತೆ! ನಂಬರು ಮೂಡಿತು, ಓದಿದೆ.

ಆಗ ಡಾಕ್ಟರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಅವರ ಮುಖ ನಾನು ಪೂರ್ತಿಯಾಗಿ ನೋಡಿದ್ದು ಆವತ್ತೇ. ಸುಸ್ತು ಕೇಳಿದರು, ಚಳಿ ಕೇಳಿದರು, ಕೂದಲು ಕೇಳಿದರು. ಗಂಟಲಿಗೆ ಬಂದಾಗ ಎದ್ದು ಬಂದು ಕತ್ತಿನ ಮೇಲೆ ಬೆರಳಿಟ್ಟು, ನುಂಗಿ ಎಂದರು. ಅವರ ಮುಖ ಗಂಭೀರವಾಯಿತು.

"ಇಲ್ಲಿ ಊತ ಇದೆಯಲ್ಲಮ್ಮಾ. ಮೊದಲೇ ಯಾಕೆ ಹೇಳಲಿಲ್ಲ?"

ನಾನು ಯಂತ್ರದ ಕಡೆ ನೋಡಿದೆ. ಅವರೂ ನೋಡಿ ತಲೆ ತಗ್ಗಿಸಿದರು. ಆದರೂ ಕೆಂಪು ದೀಪ ಆರಲಿಲ್ಲ, ಐದನೆಯದು ಬಾಕಿಯಿತ್ತು.

"ಹೆದರಿಕೆ ಆಗಿದೆ ಅಂದ್ರಿ. ಯಾವುದರ ಹೆದರಿಕೆ?"

ಕ್ಯಾನ್ಸರು ಎಂದೆ, ಸೀರೆಗಳ ವಿಷಯವನ್ನೂ ಹೇಳಿ ಅತ್ತುಬಿಟ್ಟೆ. ಯಜಮಾನರು ಯಂತ್ರ ಬಿಟ್ಟು ಬಂದು ನನ್ನ ಕೈ ಹಿಡಿದುಕೊಂಡರು. ಇದು ಥೈರಾಯ್ಡಿನ ಲಕ್ಷಣ, ರಕ್ತ ಪರೀಕ್ಷೆಯೂ ಸ್ಕ್ಯಾನೂ ಆಗಲಿ, ಏನೇ ಬಂದರೂ ನಾನು ಜೊತೆಗಿದ್ದು ನೋಡುತ್ತೇನೆ ಎಂದರು ಡಾಕ್ಟರು. ಓದುತ್ತಿರುವ ನೀವು ಆತಂಕ ಪಡಬೇಡಿ, ನಾನು ಈಗಲೇ ಹೇಳಿಬಿಡುತ್ತೇನೆ: ಥೈರಾಯ್ಡೇ ಆಗಿತ್ತು, ಬೇರೇನೂ ಇರಲಿಲ್ಲ. ದಿನಾ ಬೆಳಿಗ್ಗೆ ಒಂದು ಪುಟ್ಟ ಮಾತ್ರೆ, ಮೆಟ್ಟಿಲು ಹತ್ತಿ ಸಂಡಿಗೆ ಒಣಗಿಸುತ್ತಿದ್ದೇನೆ. ತಂಗಿಯರಿಗೆ ಒಂದು ಸೀರೆಯೂ ಇಲ್ಲ.

ಉಳಿದವರ ಗಾಡಿಗಳೆಲ್ಲ ತಲುಪುವಾಗ ನಾಲ್ಕು ಗಂಟೆ. ಸೊಪ್ಪಿನ ಅಜ್ಜಿ ಕಿಟಕಿಯಿಂದ ಬಾಳೆಹಣ್ಣು ಕೊಟ್ಟು ನಮ್ಮನ್ನು ಬದುಕಿಸಿದಳು. ಕೊನೆಯ ನಂಬರು ಓದಿದ್ದೇ ತಡ, ಹಸಿರು ದೀಪ ಹತ್ತಿತು, ಕೈಮರ ಮೇಲೆದ್ದಿತು, ಚಿಲಕಗಳೆಲ್ಲ ಟಕಟಕನೆ ಕಳಚಿದವು. ಹೊರಗಿದ್ದ ಹದಿನಾಲ್ಕು ಜನವೂ ಒಟ್ಟಿಗೇ ಒಳಗೆ ನುಗ್ಗಿ, ಡಾಕ್ಟರಿಗೆ ಕೈ ಮುಗಿಯುವವರು ಯಾರೋ, ಯಜಮಾನರ ಬೆನ್ನು ತಟ್ಟುವವರು ಯಾರೋ. ಆ ಗಲಾಟೆಯಲ್ಲಿ ಔಷಧಿ ಕೋಣೆಯ ಬಾಗಿಲು ತೆರೆದು ಕರಿಬಸಪ್ಪ ಹೊರಗೆ ಬಂದ. ಡಾಕ್ಟರನ್ನು ನೋಡಿದ, ನನ್ನ ಕತ್ತನ್ನು ನೋಡಿದ.

"ಈಯಮ್ಮನ ಗಂಟಲು ದಪ್ಪ ಕಾಣ್ತದೆ ಅಂತ ನಾನು ಯುಗಾದಿಲೇ ಹೇಳಿದ್ದೆ ಸಾರ್. ಈ ಕ್ಲಿನಿಕ್ಕಲ್ಲಿ ನನ್ನ ಮಾತು ಯಾರು ಕೇಳ್ತಾರೆ?"

ಟ್ರಿಣ್ ಎಂದಿತು. ಕೆಂಪು ದೀಪ ಹತ್ತಿತು. ಅಷ್ಟೂ ಜನ ಒಳಗಿರುವಾಗಲೇ ಚಿಲಕಗಳೆಲ್ಲ ಬಿದ್ದವು. ಕರಿಬಸಪ್ಪ ಯಂತ್ರವನ್ನು ಒಂದು ಸಲ ನೋಡಿ, ಗಂಟಲು ಸರಿ ಮಾಡಿಕೊಂಡು, ತೋಳು ಮಡಚಿದ. ಅವನಿಗೆ ಅಲ್ಲಿ ಹತ್ತೊಂಬತ್ತು ವರ್ಷದ ಸರ್ವೀಸು. ನಾನು ಚಪ್ಪಲಿ ಕಳಚಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತೆ.